ಬ್ಲೌಸ್ ತಡವಾದದ್ದಕ್ಕೆ

ಕೂತ್ಕೊಳ್ಳಿ ಕಾತ್ಯಾಯಿನಿ ಮೇಡಂ, ಸುಳ್ಳು ಹೇಳೋದಿಲ್ಲ.
ಕರೆಂಟು ಹೋಗಿರಲಿಲ್ಲ, ಮೆಷಿನ್ನೂ ಕೆಟ್ಟಿರಲಿಲ್ಲ.
ನಿಮ್ಮ ಬ್ಲೌಸಿಗೆ ತೋಳು ಕೂರಿಸಬೇಕಿದ್ದ ವಾರ
ಬಾಬಿನ್ ಮಲಗಿಬಿಟ್ಟ.

ಹೌದು, ಇವನೇ, ಪೆಡಲ್ ಪಕ್ಕ.
ಎಡಗಿವಿ ತುದಿ ಕಾರ್ಪೊರೇಷನ್ನಿನವರು ಕತ್ತರಿಸಿದ್ದು.
ನೇರ ಕತ್ತರಿಸೋಕೆ ಬರೋದಿಲ್ಲ ಅವರಿಗೆ.

ಏಪ್ರಿಲ್ಲಿನಲ್ಲಿ ಶ್ರೀರಾಮಪುರದ ಟಾರು ಇಸ್ತ್ರಿಪೆಟ್ಟಿಗೆ.
ಅಂಗೈ ಒತ್ತಿ ಹತ್ತು ಎಣಿಸ್ತೀನಿ,
ತಾಳಿದರೆ ಮಾತ್ರ ಅವನನ್ನು ರಸ್ತೆಗೆ ಬಿಡೋದು.
ಇಲ್ಲದಿದ್ದರೆ ಮೆಟ್ರೋ ಕಂಬದ ನೆರಳು ಸರಿದ ಹಾಗೆ
ಅವನ ಗೋಣಿಚೀಲ ಸರಿಸ್ತೀನಿ, ನೀರಿನ ಬೋಗುಣಿ ಸಮೇತ,
ಎರಡು ಗಂಟೆಗೆ ಬೇಕರಿ ಮುಂದೆ.

ಆಮೇಲೆ ಬಂತಲ್ಲ, ಆ ಆಲಿಕಲ್ಲಿನ ಮಳೆ?
ಬೀದಿಯೆಲ್ಲ ಖುಷಿಯಾಗಿ ಬೋಂಡ ತಿಂತು.
ನಾಲ್ಕು ದಿನಕ್ಕೆ ಗೋಡೆ ಬಿರುಕಿಂದ ಉಣ್ಣೆ ಎದ್ದವು.
ಉಣ್ಣೆ ಅಂದರೆ ಸ್ವೆಟರ್ ಅಂದ್ಕೋಬೇಡಿ ಮತ್ತೆ,
ತೊಗರಿಬೇಳೆ ಗಾತ್ರ, ರಕ್ತ ಕುಡಿದರೆ ಹುಣಸೆಬೀಜ.
ದಾರ ಕೀಳೋ ಚಿಮಟದಲ್ಲಿ ಒಂದೊಂದೇ ಕಿತ್ತು
ಸೋಪಿನ ನೀರಿಗೆ ಹಾಕಿದೆ, ಒಂದು ಲೋಟ ತುಂಬ.
ಬೆರಳ ಸಂದಿಯಲ್ಲಿ ಒಂದು ಉಳಿದಿತ್ತು.
ನನ್ನ ಕಣ್ಣು ಕರಿ ಬಟ್ಟೆ ಮೇಲೆ ಕರಿ ದಾರಕ್ಕೂ ತಪ್ಪೋದಿಲ್ಲ.
ತಪ್ಪಿತು.

ಅನ್ನ ಬಿಟ್ಟ. ಬನ್ನು ಬಿಟ್ಟ.
ತುಟಿ ಎತ್ತಿ ನೋಡಿದರೆ ಒಸಡು ಪಾಪ್ಲಿನ್ ಬಿಳುಪು.
ಆಟೋದವನಿಗೆ ಬಟ್ಟೆ ಗಂಟು ಅಂತ ಹೇಳಿ
ಬೆಡ್‌ಶೀಟಿನಲ್ಲಿ ಕಟ್ಟಿ ಎತ್ತಿಕೊಂಡೆ.
ಸಿಗ್ನಲ್ಲಿನಲ್ಲಿ ಗಂಟು ಕೆಮ್ಮಿತು.
ಕನ್ನಡಿಯಲ್ಲಿ ನನ್ನ ನೋಡಿದ. ಏನೂ ಅನ್ನಲಿಲ್ಲ,
ಹಳ್ಳ ತಪ್ಪಿಸಿ ಓಡಿಸಿದ.

ದನದ ಆಸ್ಪತ್ರೆಯ ಡಾಕ್ಟರ್ ಝರೀನಾ
ಚೀಟಿ ತೋರಿಸಿ ಮೂವತ್ತೊಂದು ಸಾವಿರ ಅಂದರು.
ದುಡ್ಡು ಅಂದ್ಕೊಂಡು ಬಳೆ ಮುಟ್ಟಿ ನೋಡಿಕೊಂಡೆ.
ಪ್ಲೇಟ್‌ಲೆಟ್ ಅಂತೆ. ಎರಡು ಲಕ್ಷ ಇರಬೇಕಂತೆ.

ಇಪ್ಪತ್ತೆಂಟು ದಿನ ಮಾತ್ರೆ. ಇಡ್ಲಿಯೊಳಗಿಟ್ಟರೆ
ಇಡ್ಲಿ ತಿಂದು, ಮಾತ್ರೆ ತೊಳೆದ ಹಾಗೆ ಉಗುಳ್ತಿದ್ದ.
ಜನ್ಮದಲ್ಲಿ ಕೋಳಿ ಅಂಗಡಿ ಮೆಟ್ಟಿಲು ಹತ್ತದವಳು
ಈಗ ಲಿವರ್ ರೇಟು ಕೇಳಿ, ಹೇಳ್ತೀನಿ.

ಈಗ ಜಡಿ. ಒಳಗೆ ಬಂದ ಕೂಡಲೇ
ಕಿವಿ, ಕಂಕುಳು, ಬೆರಳ ಸಂದಿ
ಹಳೇ ಲೈನಿಂಗಿನಲ್ಲಿ ಒರೆಸ್ತೀನಿ, ಕಣ್ಣಿಗಿಂತ ಬೆರಳನ್ನೇ ನಂಬಿ.
ಡಿಸೆಂಬರಿನ ಚಳಿಗೆ ಕೋಟೂ ಕತ್ತರಿಸಿದೀನಿ, ನೋಡಿ.
ಎದೆ ಇಪ್ಪತ್ತೊಂದಕ್ಕೆ ಇಳಿದಿದೆ, ಮೊದಲು ಇಪ್ಪತ್ತನಾಲ್ಕು.
ಎರಡೂ ಬದಿ ಒಂದೂವರೆ ಇಂಚು ಒಳಗೆ ಮಡಚಿ ಬಿಟ್ಟಿದೀನಿ,
ಬಿಚ್ಚೋಕೆ ಬೇಕಾಗುತ್ತೆ.

ಅಂಚಿನ ಗಿಳಿಹಸಿರು ಎಲ್ಲೋ ನೋಡಿದ ಹಾಗಿದೆಯಾ?
ನಿಮ್ಮದೇ, ಮೇಡಂ.
ತೋಳು ಗಿಡ್ಡ ಯಾಕಾಯಿತು ಅಂತ ಈಗಲೇ ಕೇಳಬೇಡಿ,
ಮೊದಲು ಹಾಕಿ ನೋಡಿ.