ಮೇಲಿನ ಕೋಣೆಯ ಆಮೆನ್

ಬಂದರು ಕಚೇರಿಗೆ ವರ್ಗವಾಗಿ ಬಂದವರು
ನಮ್ಮ ಬೇಕರಿಯ ಮೇಲಿನ ಕೋಣೆ ಹಿಡಿದರು:
ಎಲೋಜಿ ಝಿರಾಡ್ಕರ್.
ಹೆಸರಿನ ಬಾಲಕ್ಕೆ ಕರ್ ಇತ್ತು, ತಟ್ಟೆಯಲ್ಲಿ ಮೀನಿತ್ತು,
ಬಾಯಲ್ಲಿ ಅಲಿಬಾಗದ ಮರಾಠಿ.
ಕಾರವಾರದ ಕಾಜುಬಾಗದಲ್ಲಿ
ಅದಕ್ಕಿಂತ ಹೆಚ್ಚು ಯಾರು ಕೇಳುತ್ತಾರೆ?
ಸಿಗಡಿ ತಿನ್ನುವುದಿಲ್ಲ ಅಂದಾಗಲಷ್ಟೇ
ಅವ್ವ ಹುಬ್ಬೇರಿಸಿದಳು.

ಶುಕ್ರವಾರ ಸಂಜೆ ಎರಡು ಪಾವು ಕೊಂಡು
ಬಿಳಿ ವಸ್ತ್ರ ಹೊದಿಸಿ, ದೀಪ ಹಚ್ಚಿ,
ನೆಲದಿಂದ ರೊಟ್ಟಿ ಹೊರಡಿಸುವವನಿಗೆ ಸ್ತುತಿ ಅನ್ನುವರು.
"ನೆಲದಿಂದ ಬರುವುದು ಗೋಧಿ," ಅಪ್ಪನ ತಕರಾರು,
"ರೊಟ್ಟಿ ಬರುವುದು ನನ್ನ ಒಲೆಯಿಂದ,
ಬೆಳಗಿನ ಮೂರಕ್ಕೆ, ಈ ಸುಟ್ಟ ಮೊಣಕೈಯಿಂದ."

ತಂತಿ ಬಂತು. ತಾಯಿ.
ಮಣ್ಣಿಗೆ ಹೋಗಲೂ ತಡವಾಗಿತ್ತು.
ಮಗ ಹನ್ನೊಂದು ತಿಂಗಳು ಹೇಳಬೇಕಾದ ಪ್ರಾರ್ಥನೆಯೊಂದಿದೆ,
ಹೇಳಲು ಹತ್ತು ಗಂಡಸರು ಬೇಕು, ನಮ್ಮವರೇ;
ಗೋವೆಯಿಂದ ಗಂಗೊಳ್ಳಿಯ ತನಕ ನಾನೊಬ್ಬನೇ, ಅಂದರು.
ಅಪ್ಪ ಬೆರಳು ಮಡಚತೊಡಗಿದ:
ನಾನು, ಹಿಟ್ಟು ನಾದುವ ಇನಾಸ್, ಇನಾಸನ ಭಾವ...
ಎಲೋಜಿಯವರು ನಕ್ಕರು, ಆ ದಿನವೂ.
ಆ ಎಣಿಕೆಗೆ ನಾವು ಬರುವುದಿಲ್ಲವಂತೆ.

ಅಂದಿನಿಂದ ನಮ್ಮ ಜಪಮಾಲೆಯ ಹೊತ್ತಿಗೆ
ಮರದ ಮೆಟ್ಟಿಲಿನ ಅರ್ಧಕ್ಕೆ ಇಳಿದು ಕೂರುವರು, ತಲೆಗೆ ಟೋಪಿ.
ನಿನ್ನ ಹೆಸರು ಪವಿತ್ರವಾಗಲಿ
ಮೆಟ್ಟಿಲಿಂದ: ಆಮೆನ್.
ನಿನ್ನ ರಾಜ್ಯ ಬರಲಿ
ಆಮೆನ್.
ನಮ್ಮ ಆಮೆನ್ ಇನ್ನೂ ಎಷ್ಟೋ ದೂರವಿತ್ತು.
ಮರಿಯಾಳ ಪ್ರಾರ್ಥನೆ ಶುರುವಾದೊಡನೆ ಬಾಯಿ ಮುಚ್ಚಿ
ಗೋಡೆ ನೋಡುವರು,
ಪರರ ಮನೆಯಲ್ಲಿ ತಮ್ಮೂರ ಹುಡುಗಿಯ
ಫೋಟೋ ಕಂಡವರಂತೆ.

"ನನ್ನ ಪ್ರಾರ್ಥನೆಯಲ್ಲೂ ಇದೇ ಇದೆ," ಅಂದರು ಒಮ್ಮೆ,
"ದೊಡ್ಡ ಹೆಸರು ಇನ್ನೂ ದೊಡ್ಡದಾಗಲಿ, ರಾಜ್ಯ ಬೇಗ ಬರಲಿ.
ಸತ್ತವರ ಮಾತೇ ಇಲ್ಲ ಅದರಲ್ಲಿ.
ಯಾರು ಯಾರಿಂದ ಕಲಿತರೋ; ನಿಮ್ಮ ಹುಡುಗ
ನಮ್ಮ ಹಳ್ಳಿಯ ಬಾವಿಯಲ್ಲೇ ನೀರು ಸೇದಿದ್ದು."
ಅವನು ತಂದೆಯನ್ನು ಅಬ್ಬಾ ಅಂತಿದ್ದನಂತೆ.
ಕನ್ನಡ ಶಾಲೆಯ ನನ್ನ ಕಿವಿಗೆ
ಅಬ್ಬಾ ಅಂದರೆ ಬೆರಗು, ಇಲ್ಲವೇ ಸೊಂಟನೋವು.

ತಪ್ಪು ಮಾಡಿದವರನ್ನು ಕ್ಷಮಿಸಿದಂತೆ, ಅನ್ನುವಲ್ಲಿ
ಕೈಯೆತ್ತಿ ಅಪ್ಪನನ್ನು ತಡೆದರು.
"ಅವನು ಮೀನುಗಾರರ ಜೊತೆ ಆಡಿದ ಮಾತಲ್ಲಿ
ತಪ್ಪಿಗೂ ಸಾಲಕ್ಕೂ ಒಂದೇ ಪದ, ಹೋಬಾ.
ಈ ಸಾಲಿನಲ್ಲಿರುವುದು ಸಾಲ, ಕೈತಾನ್."
ಅಪ್ಪ ಬಾಕಿ ಪುಸ್ತಕದತ್ತ ನೋಡಿದ.
ಬೈತಖೋಲದ ಹೋಟೆಲಿನ ಉಪೇಂದ್ರ, ನಲವತ್ತೇಳು ರೂಪಾಯಿ.
"ಹಾಗಿದ್ದರೆ," ಅಂದ, "ಆ ಸಾಲು ನಾಳೆ ಹೇಳೋಣ."

ಆ ವರ್ಷ ಅವರ ಹಬ್ಬ ನಮ್ಮ ಪವಿತ್ರ ವಾರಕ್ಕೇ ತಾಗಿತು.
ಎಂಟು ದಿನ ನಮ್ಮ ಪಾವು ಮುಟ್ಟಲಿಲ್ಲ,
ಶೇಂದಿ ಹಾಕಿ ಉಬ್ಬಿಸಿದ್ದು ಬೇಡ, ಅಕ್ಕಿ ರೊಟ್ಟಿ ಸಾಕು.
ಅಪ್ಪನಿಗೆ ಮುನಿಸು.
ಗುರುವಾರ ರಾತ್ರಿ ಇಗರ್ಜಿಯಲ್ಲಿ ಪಾದ್ರಿ ಎತ್ತಿ ಹಿಡಿದದ್ದು
ತೆಳ್ಳಗೆ, ಬೆಳ್ಳಗೆ, ಉಬ್ಬದ ರೊಟ್ಟಿ.
ಅಪ್ಪ ನನ್ನ ಭುಜ ತಿವಿದ: "ಹುಳಿ ಹಾಕಿಲ್ಲ, ನೋಡು."
ಮೂವತ್ತು ವರ್ಷ ನಾಲಿಗೆಯ ಮೇಲೆ ಕರಗಿಸಿದ್ದ,
ರೊಟ್ಟಿ ಸುಟ್ಟೇ ಬದುಕಿದವನು,
ಅಂದು ಕಂಡ.

ರತ್ನಾಗಿರಿಗೆ ವರ್ಗವಾಯಿತು. ಹೊರಡುವ ಮುನ್ನ
ಹನ್ನೊಂದು ಪಾವಿನ ಬಾಕಿ, ಪೈಸೆ ಬಿಡದೆ.
"ಕ್ಷಮಿಸಲು ಏನನ್ನೂ ಉಳಿಸಲಿಲ್ಲ, ಪುಣ್ಯಾತ್ಮ,"
ಅಪ್ಪ ತಿಂಗಳುಗಟ್ಟಲೆ ಗೊಣಗಿದ.

ಅಪ್ಪನ ಏಳನೇ ದಿನ
ಮನೆಯಲ್ಲಿ ಕೂಡಿದ ಗಂಡಸರನ್ನು ಸುಮ್ಮನೆ ಎಣಿಸಿದೆ.
ಹತ್ತು. ಉಪೇಂದ್ರನೂ ಸೇರಿ;
ನಲವತ್ತೇಳು ರೂಪಾಯಿ ಮಡಚಿ ಹಿಡಿದು
ಇನ್ನು ಯಾರಿಗೆ ಕೊಡಲಿ ಅನ್ನುತ್ತಿದ್ದ.
ನಿನ್ನ ಹೆಸರು ಪವಿತ್ರವಾಗಲಿ, ಅಂದೆವು.
ನಾನೊಬ್ಬಳು ಅಲ್ಲೇ ನಿಂತೆ,
ಮೆಟ್ಟಿಲಿನ ಕಡೆ ಕಿವಿಯಿಟ್ಟು.
ಉಳಿದವರು ಆಗಲೇ
ರೊಟ್ಟಿಯ ಸಾಲಿಗೆ ತಲುಪಿದ್ದರು.