ಅರ್ಧ ಗಂಟೆಯ ಜಾಡಿ

ಹೊಳೆನರಸೀಪುರದ ಕೊಳಚೆಯೆಲ್ಲ
ಕೊನೆಗೆ ನನ್ನ ಹತ್ತಿರ ಬರುತ್ತದೆ.
ಸೋಮವಾರ ಸೋಪಿನ ನೊರೆ,
ಹಬ್ಬದ ಮರುದಿನ ಒಬ್ಬಟ್ಟಿನ ಜಿಡ್ಡು,
ಛತ್ರದ ಅನ್ನದಗುಳು ಜಾಲರಿಗೆ ಸಿಕ್ಕಿ
ಇನ್ನೂ ಬೆಳ್ಳಗೇ ಇರುತ್ತದೆ.
ಒಮ್ಮೆ ಒಂದು ಮೂಗುತಿ.
ಮೂರು ದಿನ ಜೇಬಲ್ಲಿಟ್ಟುಕೊಂಡು ತಿರುಗಿದೆ,
ಯಾರನ್ನು ಕೇಳಲಿ, ಏನೆಂದು?

ರಾತ್ರಿಯಿಡೀ ಗಾಳಿಯಂತ್ರದ ಗುರುಗುರು.
ಕಂದು ನೀರಲ್ಲಿ ಕಣ್ಣಿಗೆ ಕಾಣದ ಜೀವಗಳು
ಊರು ಬಿಟ್ಟದ್ದನ್ನು ಉಣ್ಣುತ್ತವೆ.
ಕರೆಂಟು ಹೋದರೆ ಅವಕ್ಕೂ ಉಸಿರುಕಟ್ಟು.
ಡೀಸೆಲ್ ಬಿಲ್ಲು ಪುರಸಭೆಯ ಮೇಜಿನ ಮೇಲೆ
ಮಳೆಗಾಲದಿಂದ ಮಲಗಿದೆ.

ಹೆಣ್ಣು ನೋಡಲು ಹೋದಾಗ ಅಕ್ಕ
‘ನೀರಿನ ಇಲಾಖೆ’ ಅಂದಳು.
ಸುಳ್ಳೇನಲ್ಲ.

ಬೆಳಿಗ್ಗೆ ಒಂದು ಲೀಟರು ಗಾಜಿನ ಜಾಡಿಗೆ ತುಂಬಿ
ಕಿಟಕಿಯಲ್ಲಿಟ್ಟು ಗಡಿಯಾರ ನೋಡುತ್ತೇನೆ.
ಕೆಸರು ಮೆಲ್ಲಗೆ, ಬೇಸರವಿಲ್ಲದೆ,
ತಳಕ್ಕೆ ಕೂರುತ್ತದೆ. ಮೇಲೆ ತಿಳಿ.
ಮುನ್ನೂರರ ಗೆರೆಯಲ್ಲಿ ನಿಂತರೆ
ಆ ದಿನ ಟೀ ರುಚಿಸುತ್ತದೆ.

ಹೇಮಾವತಿಗೆ ಬೀಳುವ ಕೊಳವೆಯ ಬಾಯಲ್ಲಿ
ಗಾಳ ಹಾಕಿ ಕೂತಿದ್ದಾನೆ
ಮಡಿವಾಳರ ಯತೀಶ, ಶಾಲೆ ತಪ್ಪಿಸಿ.
ಅಷ್ಟುದ್ದ ಹೊಳೆ ಬಿಟ್ಟು ಇಲ್ಲೇ ಯಾಕೋ, ಅಂದೆ.
ತಿರುಗಿಯೂ ನೋಡದೆ ಹೇಳಿದ:
ಮೀನು ಇಲ್ಲಿಗೇ ಬರೋದು ಕಣಣ್ಣ,
ಮಾತಾಡ್ಬೇಡ.