ಕೊಸರು

ಮೂವತ್ತೊಂದು ವರ್ಷ ಈ ಊರಿನ ತಕ್ಕಡಿಗಳಿಗೆ
ಸೀಲು ಹೊಡೆದವನು ನಾನು.
ಬಂದರಿನ ಬೆಲ್ಲದ ಮಂಡಿ, ಕಾರ್‌ಸ್ಟ್ರೀಟಿನ ಬಂಗಾರದಂಗಡಿ,
ಗೇರುಬೀಜದ ಕಾರ್ಖಾನೆಯಲ್ಲಿ ಹೆಂಗಸರ ಕೂಲಿ ತೂಗುವ ಮುಳ್ಳು.
ಎಲ್ಲಿ ಹುಣಸೆಹಣ್ಣು ಅಂಟಿಸುತ್ತಾರೆ, ಎಲ್ಲಿ ಅಯಸ್ಕಾಂತ,
ಗೆಳೆಯನ ಹೆಗಲಿಗೆ ಕೈಯಿಟ್ಟ ಹಾಗೆ
ತಟ್ಟೆಯ ಅಂಚಿಗೆ ಹೇಗೆ ಸುಮ್ಮನೆ ಬೆರಳಿಡುತ್ತಾರೆ,
ಎಲ್ಲ ಗೊತ್ತು.

ಗೊತ್ತಿಲ್ಲದ್ದು ಒಂದೇ, ನನ್ನ ಬಲಗಾಲಿನ ಹೆಬ್ಬೆರಳು.

ಬೂತಾಯಿ ಬೇಡ, ಮರುವಾಯಿ ಬೇಡ, ಬಿಯರಿನ ಹೆಸರೆತ್ತಬೇಡಿ
ಎಂದರು ಡಾಕ್ಟರ್ ಫ್ಲೇವಿಯಾ, ಚೀಟಿಯಿಂದ ತಲೆ ಎತ್ತದೆ.
ರಕ್ತದಲ್ಲಿ ಕರಗದ್ದು ಗಂಟಿನಲ್ಲಿ ಹರಳು ಕಟ್ಟುತ್ತದಂತೆ,
ಗಾಜಿನ ಸೂಜಿಯ ಹಾಗೆ.
ರಾತ್ರಿ ಎರಡು ಗಂಟೆಗೆ ಹೊದ್ದ ಚಾದರ
(ಬೇಕಾದರೆ ತೂಗಿ ನೋಡಿ, ನಾನೂರು ಗ್ರಾಮು ಮೀರದು)
ಬೆರಳ ಮೇಲೆ ನಿಂತ ಲಾರಿ.

ಅಂಥ ರಾತ್ರಿಗಳಲ್ಲಿ ಹಳಬರನ್ನು ಓದಿದೆ,
ಎರಡು ಸಾವಿರ ವರ್ಷದ ಹಿಂದಿನವರನ್ನು.
ನಮ್ಮ ಇಲಾಖೆಯವರೇ ಅನ್ನಿಸಿತು.
ಕಡಲಾಚೆಯವನೊಬ್ಬ: ಸುಖ ಒಂದು ತಟ್ಟೆಗೆ,
ಅದರ ಬೆನ್ನಿಗೆ ಬರುವುದು ಇನ್ನೊಂದಕ್ಕೆ,
ಹತ್ತಿರದ್ದು ದೊಡ್ಡದೆಂದು ಮೋಸಹೋಗಬೇಡ.
ಹೌದು. ದಕ್ಕೆಯಲ್ಲಿ ನಿಂತವನಿಗೆ ಗೊತ್ತು,
ಮೂಗಿನೆದುರಿನ ದೋಣಿ
ದೂರದ ಹಡಗನ್ನೇ ಮುಚ್ಚಿಬಿಡುತ್ತದೆ.
ಇನ್ನೊಬ್ಬ ತನ್ನ ತೋಟದಲ್ಲಿ ಕೂತು
ನೋವಿಲ್ಲದಿರುವುದೇ ಸುಖವೆಂದ.
ಅವನಿಗೂ ಕೊನೆಗೆ ಕಲ್ಲು ಕಟ್ಟಿತ್ತಂತೆ, ಮೂತ್ರದಲ್ಲಿ.

ಐಸ್ ಪ್ಲಾಂಟಿನ ಪೊಡಿಮೋನು ಇದನ್ನೆಲ್ಲ ಕೇಳಿ ನಕ್ಕ.
"ಮುಳ್ಳಿಲ್ಲದ ಮೀನು ಉಂಟಾ ಮಾರಾಯ್ರೆ? ಬಿಡಿಸಿ ತಿನ್ನಿ."
ಮೀನಿನ ಮುಳ್ಳು ಮೀನಿನಲ್ಲೇ ಇದ್ದರೆ ಬಿಡಿಸಬಹುದು ಪೊಡಿಮೋನು,
ಇದು ತಿಂದ ಮೂರನೆಯ ರಾತ್ರಿ
ನನ್ನಲ್ಲಿ ಹುಟ್ಟುವ ಮುಳ್ಳು.
ಆ ಕಡಲಾಚೆಯವನೂ ಒಂದು ದಿನ ತಕ್ಕಡಿ ಹಿಡಿದವನಲ್ಲ.
ಎರಡು ತಟ್ಟೆಯೂ ಒಂದೇ ಹೊತ್ತಿಗೆ ತುಂಬಿದರಲ್ಲವೆ ತೂಕ?
ಬಾಯಲ್ಲಿ ಬೂತಾಯಿ ಇರುವಾಗ ಆ ತಟ್ಟೆ ಖಾಲಿ,
ಬೆರಳು ಉರಿಯುವಾಗ ಈ ತಟ್ಟೆ ತೊಳೆದು ಕವುಚಿಟ್ಟಿದೆ.
ಇಂಥ ತಕ್ಕಡಿಗೆ ನಾನಾದರೆ ಸೀಲು ಹೊಡೆಯುತ್ತಿರಲಿಲ್ಲ.

ಆಗಸ್ಟ್ ಬಂತು. ಎರಡು ತಿಂಗಳ ರಜೆ ಮುಗಿಸಿ ಬೋಟುಗಳು
ಅಳಿವೆ ದಾಟಿ ಹೋದವು, ಬಂದವು.
ಡೀಸೆಲ್ಲು, ಐಸು, ಹಸಿ ಬೆಳ್ಳಿಯ ವಾಸನೆ.
ಪೆನ್ಶನ್ ತರಲು ಹೊರಟ ಕಾಲು
ಕುಂಟುತ್ತಲೇ ದಕ್ಕೆಯ ಕಡೆ ತಿರುಗಿತು.
ಅದೇ ಬಲಗಾಲು. ಬರೆದಿಟ್ಟುಕೊಳ್ಳಿ.

ಅಪ್ಪಿಯಕ್ಕನ ಹತ್ತಿರ ತಕ್ಕಡಿಯೇ ಇಲ್ಲ.
ಒಮ್ಮೆ ನೋಟೀಸು ಕೊಡಲು ಹೋಗಿ ಸೋತು ಬಂದಿದ್ದೆ,
ಎಣಿಸಿ ಮಾರುವವಳಿಗೆ ಯಾವ ಸೆಕ್ಷನ್ ಹಾಕುವುದು?
"ಲಾಭ" ಎಂದಳು ಮೊದಲನೆಯದಕ್ಕೆ, ಒಂದು ಎನ್ನದೆ,
ಅವಳ ಅಮ್ಮ ಎನ್ನುತ್ತಿದ್ದ ಹಾಗೆ,
"ರಡ್ಡ್, ಮೂಜಿ, ನಾಲ್..."
ಹತ್ತಾಯಿತು. ಸೆವ್ರಿನಳಿಗೆ, ಮಗನಿಗೆ, ಸೊಸೆಗೆ ಸಾಕು,
ನನಗಲ್ಲ ಎಂದೆ, ಅವಳು ಕೇಳದಿದ್ದರೂ.
ಕತ್ತರಿಸಿ ಬೆರಳಿಗೆ ದಾರಿ ಬಿಟ್ಟ ನನ್ನ ಕ್ಯಾನ್ವಾಸ್ ಬೂಟು ನೋಡಿದಳು.
ಮತ್ತೊಂದು ಎತ್ತಿ ಮೇಲೆ ಹಾಕಿದಳು.
"ಕೊಸರು. ಇದು ಲೆಕ್ಕಕ್ಕಿಲ್ಲ, ಸೀಲ್ ಮಾಸ್ಟ್ರೇ."

ಮಣ್ಣಿನ ಚಟ್ಟಿಯಲ್ಲಿ ಬಿಂಬುಳಿ ಹಾಕಿ ಕುದಿಸಿದಳು ಸೆವ್ರಿನ್,
ನನಗೆ ಸೌತೆಕಾಯಿಯ ಹುಳಿ ಬೇರೆ.
ಹತ್ತು ಎಣಿಸಿ ಬಡಿಸಿದಳು.
ಉಳಿದದ್ದು ಚಟ್ಟಿಯ ತಳದಲ್ಲಿ,
ಕೆಂಪು ರಸದಲ್ಲಿ ಮುಳುಗಿ, ಬೆನ್ನು ಮಾತ್ರ ಮೇಲೆ.
ಎಲ್ಲರೂ ಮಲಗಿದರು.
ಮರುದಿನಕ್ಕೆ ರುಚಿ ಹೆಚ್ಚು ಎನ್ನುತ್ತಾರೆ. ಮರುದಿನದವರೆಗೆ
ಯಾರು ಕಾದರು?

ಈಗ ಮೂರನೆಯ ರಾತ್ರಿ.
ಚಾದರ ಸರಿಸಿ ಕೂತಿದ್ದೇನೆ.
ಬಿಂಬುಳಿ ನೆನಪಾಗಿ ಬಾಯಿ ಒದ್ದೆ.
ಗಡಿಯಾರದ ಮುಳ್ಳು ಎರಡರ ಹತ್ತಿರ.
ಬೆರಳು ಸುಮ್ಮನಿದೆ. ಅಥವಾ ಅದೂ ಎಣಿಸತೊಡಗಿದೆ,
ಮೊದಲನೆಯದಕ್ಕೆ ಒಂದು ಎನ್ನದೆ.